ಮೊದಲು ಯಾರ ರಕ್ತ ತೆಗೆದರು ಅಂತ ನೋಡು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಥೀಸಿಸ್ ಸಿನಾಪ್ಸಿಸ್ ಎರಡು ಸಲ ಓದಿದೆ. ಟಿಬಿಯ ರಕ್ತಪರೀಕ್ಷೆ ಎಷ್ಟು ನಂಬಿಕೆಗೆ ಅರ್ಹ ಅಂತ ನೋಡಹೊರಟಿದ್ದೀಯ, ಸಂತೋಷ. ಆದರೆ ಕಫದಲ್ಲಿ ಕ್ರಿಮಿ ಕಂಡ 50 ರೋಗಿಗಳು, ಹೋಲಿಕೆಗೆ 50 ಎಂಬಿಬಿಎಸ್ ಹುಡುಗರು ಅಂತ ಬರೆದ ಜಾಗಕ್ಕೆ ಬಂದಾಗ ಕಸಿವಿಸಿಯಾಯಿತು.

ನಿನ್ನ ಓಪಿಡಿಗೆ ಬರುವವರು ಈ ಇಬ್ಬರೂ ಅಲ್ಲ, ಮಗಳೇ. ಬರುವವರು ತಿಂಗಳಿಂದ ಕೆಮ್ಮುತ್ತಿರುವ ಬೀಡಿ ಸೇದುವ ಅಜ್ಜ, ಆಸ್ತಮಾದ ಹೆಂಗಸು, ಹಿಂದೊಮ್ಮೆ ಟಿಬಿಯಾಗಿ ವಾಸಿಯಾದವನು. ಪರೀಕ್ಷೆ ಬೇಕಾಗುವುದು ಅವರಿಗೆ, ಅದು ಎಡವುವುದೂ ಅವರಲ್ಲೇ. ಬಲಿತ ರೋಗ ಒಂದು ಕಡೆ, ಗಟ್ಟಿಮುಟ್ಟಾದ ಮೈ ಇನ್ನೊಂದು ಕಡೆ ಇಟ್ಟರೆ ಯಾವ ಪರೀಕ್ಷಾ ಕಿಟ್ಟಾದರೂ ಗೆಲ್ಲುತ್ತದೆ. 1999ರಲ್ಲೇ ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು ಅಳೆದು ತೋರಿಸಿದ್ದರು: ಹೀಗೆ ಎರಡು ಗುಂಪು ಮಾಡಿದ ಅಧ್ಯಯನಗಳಲ್ಲಿ ಡಯಾಗ್ನೋಸ್ಟಿಕ್ ಆಡ್ಸ್ ರೇಷಿಯೊ, ಅಂದರೆ ರೋಗಿಯನ್ನೂ ರೋಗವಿಲ್ಲದವನನ್ನೂ ಪರೀಕ್ಷೆ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅನ್ನುವ ಅಳತೆ, ಸುಮಾರು 3 ಪಟ್ಟು ಉಬ್ಬಿತ್ತು.

ಒಬ್ಬ ದರ್ಜಿ ನನ್ನ ಹತ್ತಿರ ಬಂದಿದ್ದ. ಕೈಯಲ್ಲಿ ನಾಲ್ಕು ಮಡಿಕೆಯ ಲ್ಯಾಬ್ ರಿಪೋರ್ಟು, 'ಟಿಬಿ ಐಜಿಎಂ ಪಾಸಿಟಿವ್' (ಐಜಿಎಂ ಅಂದರೆ ರಕ್ತದಲ್ಲಿನ ಒಂದು ಬಗೆಯ ಪ್ರತಿಕಾಯ) ಅನ್ನುವುದರ ಕೆಳಗೆ ಕೆಂಪು ಗೆರೆ. ಐದು ತಿಂಗಳು ಮಾತ್ರೆ ನುಂಗಿ ಕಣ್ಣು ಹಳದಿಯಾಗಿತ್ತು. ಕಫವನ್ನು ಯಾರೂ ಒಮ್ಮೆಯೂ ನೋಡಿರಲಿಲ್ಲ. ಅವನಿಗಿದ್ದದ್ದು ಆಸ್ತಮಾ. ಪರೀಕ್ಷೆಯ ಖರ್ಚಿಗೆ ಹೆಂಡತಿಯ ಓಲೆ ಅಡವಿಟ್ಟಿದ್ದ. ಆ ಓಲೆ ನನ್ನನ್ನು ಇವತ್ತಿಗೂ ಕಾಡುತ್ತದೆ.

ಅಂಥ ಕಿಟ್‌ಗಳ ಹಿಂದೆಯೂ ಅಧ್ಯಯನಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆ 94 ಅಧ್ಯಯನಗಳನ್ನು ಜರಡಿ ಹಿಡಿದಾಗ ಜೊಳ್ಳೇ ಹೆಚ್ಚು ಸಿಕ್ಕಿತು. 2011ರ ಜುಲೈನಲ್ಲಿ ಟಿಬಿಗೆ ಈ ರಕ್ತಪರೀಕ್ಷೆಗಳನ್ನು ಬಳಸಲೇಬೇಡಿ ಅಂತ ಹೇಳಿತು. 2012ರಲ್ಲಿ ನಮ್ಮ ಸರ್ಕಾರ ನಿಷೇಧಿಸಿತು. ಅಷ್ಟರಲ್ಲಿ ಎಷ್ಟು ಜನ ದರ್ಜಿಗಳು!

ಆದ್ದರಿಂದ ಹಳೆಯ ಪ್ರಬಂಧಗಳನ್ನು ಓದುವಾಗ ಸೆನ್ಸಿಟಿವಿಟಿ (ರೋಗವಿದ್ದವರಲ್ಲಿ ಎಷ್ಟು ಜನರನ್ನು ಪರೀಕ್ಷೆ ಹಿಡಿಯುತ್ತದೆ ಅನ್ನುವ) ಅಂಕಿಗೆ ಮೊದಲು ಕಣ್ಣು ಹಾಯಿಸಬೇಡ. ಯಾರನ್ನು ಸೇರಿಸಿಕೊಂಡರು, ಯಾರನ್ನು ಬಿಟ್ಟರು ಅಂತ ಹುಡುಕು. ಕಿಟ್ ಓದಿದವನಿಗೆ ಕಲ್ಚರ್, ಅಂದರೆ ಕಫದ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಅದರ ಫಲಿತಾಂಶ ಮೊದಲೇ ಗೊತ್ತಿತ್ತೇ? ಕಿಟ್‌ನ ಗೆರೆ ಮಸುಕಾಗಿದ್ದಾಗ ಕೈ ತನಗೆ ತಿಳಿಯದೆ 'ಪಾಸಿಟಿವ್' ಬರೆಯುತ್ತದೆ, ನಾನೇ ಬರೆದಿದ್ದೇನೆ. ಘನ ಮಾಧ್ಯಮದ ಕಲ್ಚರ್‌ಗೆ 8 ವಾರ ಕಾಯಬೇಕು. ಆ ನಡುವೆ ಊರಿಗೆ ಹೋದವರು, ತೀರಿಕೊಂಡವರು, ಫಲಿತಾಂಶ ಸ್ಪಷ್ಟವಿಲ್ಲದವರು ಲೆಕ್ಕದಿಂದ ಸದ್ದಿಲ್ಲದೆ ಮಾಯವಾಗುತ್ತಾರೆ. ಇಂಥ ಅಧ್ಯಯನಗಳ ಗುಣಮಟ್ಟವನ್ನು ನಾಲ್ಕು ವಿಭಾಗಗಳಲ್ಲಿ ತೂಗುವ ಪ್ರಶ್ನಾವಳಿ ಕ್ವಾಡಾಸ್-2 ಕೇಳುವುದೂ ಇವನ್ನೇ. ಅದನ್ನು ಪರೀಕ್ಷೆ ಪೇಪರಿನಂತೆ ಅಂಕ ಕೂಡಿಸಿ ಮುಗಿಸಬೇಡ. ಮೂರು ಕಡೆ ಚೆನ್ನಾಗಿದ್ದು ಒಂದು ಕಡೆ ಬುಡವೇ ಅಲ್ಲಾಡುತ್ತಿದ್ದರೆ ಕೂಡಿಸಿದ ಮೊತ್ತ ಅದನ್ನು ಮುಚ್ಚಿಡುತ್ತದೆ.

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ (ರೋಗವಿಲ್ಲದವರಲ್ಲಿ ಎಷ್ಟು ಜನಕ್ಕೆ ಸರಿಯಾಗಿ ನೆಗೆಟಿವ್ ಅನ್ನುತ್ತದೆ) ಎರಡೂ ನಿಜವಾಗಿಯೇ 90% ಇವೆ ಅಂದುಕೋ. ಕೆಮ್ಮಿಕೊಂಡು ಬಂದ 1000 ಜನರಲ್ಲಿ 50 ಜನಕ್ಕೆ ಟಿಬಿ. ಕಿಟ್ 45 ಜನರನ್ನು ಹಿಡಿಯುತ್ತದೆ. ಜೊತೆಗೆ ರೋಗವಿಲ್ಲದ 950ರಲ್ಲಿ 95 ಜನಕ್ಕೂ ಪಾಸಿಟಿವ್ ಅನ್ನುತ್ತದೆ. ರಿಪೋರ್ಟು ಹಿಡಿದು ನಿನ್ನ ಮುಂದೆ ಅಳುವ 140 ಜನರಲ್ಲಿ 95 ಜನಕ್ಕೆ ಟಿಬಿಯೇ ಇಲ್ಲ. ಇನ್ನು ಆ 90% ಕೂಡ ಉಬ್ಬಿದ್ದಾದರೆ?

50–50ರ ಯೋಜನೆ ಬಿಡು. ಕೆಮ್ಮು ಅಂತ ಬಂದವರನ್ನೆಲ್ಲ ಬಂದ ಸಾಲಿನಲ್ಲೇ ಸೇರಿಸಿಕೋ, ಮಾತ್ರೆ ಶುರುವಾಗುವ ಮೊದಲೇ ಎಲ್ಲರ ಕಫವನ್ನೂ ಕಲ್ಚರ್‌ಗೆ ಕಳಿಸು. ನಿನ್ನ ಅಂಕಿ 60ಕ್ಕೆ ಇಳಿಯಬಹುದು, ಗೈಡ್ ಮುಖ ಸಿಂಡರಿಸಬಹುದು. ಇಳಿಯಲಿ. ಬೇಕಾದರೆ ನಾನು ಬಂದು ಅವರ ಹತ್ತಿರ ಮಾತಾಡುತ್ತೇನೆ. ಎಥಿಕ್ಸ್ ಕಮಿಟಿಗೆ ಕೊಡುವ ಮೊದಲು ತಿದ್ದಿದ ಪ್ರತಿ ನನಗೊಮ್ಮೆ ಕಳಿಸು.

ಇತಿ,
ನಿನ್ನ ದೊಡ್ಡಪ್ಪ