ಹುರುಳಿ ಕಟ್ಟು ಚೆಲ್ಬೇಡ ಕಣಮ್ಮ

ಪುಟ್ಟಿ,

ನೆನ್ನೆ ಫೋನಲ್ಲಿ ಹುರುಳಿಕಾಳು ಬೇಯ್ಲೇ ಇಲ್ಲ ಅಂದೆ, ಅದು ಸರಿಹೋಗುತ್ತೆ ಬಿಡು, ಆದ್ರೆ ಬೇಯಿಸಿದ ನೀರನ್ನ ಸಿಂಕಿಗೆ ಸುರಿದೆ ಅಂದ್ಯಲ್ಲ, ಹೊಟ್ಟೆ ಉರೀತು ನಂಗೆ. ನಿಮ್ಮಮ್ಮ ನಗ್ತಾ ಇದ್ಲು. ಫೋನಲ್ಲಿ ಹೇಳಿದ್ರೆ ನೀನು ಹ್ಞೂ ಹ್ಞೂ ಅಂತ ಲ್ಯಾಪ್‌ಟಾಪ್ ನೋಡ್ತಿರ್ತೀಯ, ಅದಕ್ಕೇ ಬರೀತಿದೀನಿ, ಬಸ್ಸಾರು ನಮ್ಮನೇಲಿ ನನ್ನ ಡಿಪಾರ್ಟ್‌ಮೆಂಟು ಅಂತ ನಿಂಗೂ ಗೊತ್ತಲ್ಲ.

ಸಾರಾಗೋದೇ ಆ ನೀರು ಕಣಮ್ಮ. ಕಾಳು ಪಲ್ಯಕ್ಕೆ, ಕಟ್ಟು ಸಾರಿಗೆ. ನಮ್ಮಜ್ಜಿ ಕಾಲದಲ್ಲಿ, ಆಗ ಚಿಂತಾಮಣಿ ಇನ್ನೂ ಕೋಲಾರ ಜಿಲ್ಲೆಗೇ ಸೇರಿತ್ತು, ಚಿಕ್ಕಬಳ್ಳಾಪುರ ಬೇರೆ ಆಗಿದ್ದು 2007ರಲ್ಲಿ ತಾನೇ, ಎತ್ತುಗಳಿಗೆ ಅಂತ ಹಂಡೇಲಿ ಹುರುಳಿ ಬೇಯಿಸೋರು, ಕಟ್ಟು ಬಸ್ಕೊಂಡು ಮನೆಯೋರಿಗೆ ಸಾರು, ಕಾಳು ಎತ್ತಿಗೆ. ಮಳೆ ಕೈಕೊಟ್ಟು ರಾಗಿ ಬಿತ್ತೋ ಹೊತ್ತು ಮೀರಿದ್ರೆ ಅದೇ ಹೊಲಕ್ಕೆ ಹುರುಳಿ ಚೆಲ್ಲೋರು, ಎರಡು ಹದ ಮಳೆ ಬಿದ್ರೆ ಸಾಕು ಅದಕ್ಕೆ. ಈಗ ಎತ್ತೂ ಇಲ್ಲ, ಬೋರ್‌ವೆಲ್ಲು ಸಾವಿರ ಅಡಿ ದಾಟಿದೆ, ಎಲ್ರೂ ಟೊಮೇಟೊ ಹಿಂದೆ. ಅವರೆಕಾಯಿ ಸೀಸನ್ ಬಂದ್ರೆ ಹಿತಕಿದ ಬೇಳೆ ಹಿತಕಿದ ಬೇಳೆ ಅಂತ ಊರೆಲ್ಲ ಕುಣಿಯುತ್ತೆ, ನಂಗೂ ಇಷ್ಟಾನೇ, ಆದ್ರೆ ವರ್ಷವೆಲ್ಲಾ ಮುದ್ದೆಗೆ ಜೊತೆಯಾಗೋ ಹುರುಳಿನ ಯಾರೂ ಹೊಗಳಲ್ಲ ನೋಡು.

ಸರಿ, ಯಾಕೆ ಬೇಯ್ಲಿಲ್ಲ ಅಂತ. ಪುಣೆ ಅಂಗಡೀಲಿ ಕುಳೀಥ್ ಅಂತ ಕೇಳಿ ತಂದೆ ಅಂದ್ಯಲ್ಲ, ಅದು ಹಳೇ ಕಾಳಿರಬಹುದು, ವರ್ಷಗಟ್ಟಲೆ ಕೂತ ಕಾಳು ಎಷ್ಟು ನೆನೆಸಿದ್ರೂ ಹಟ ಮಾಡುತ್ತೆ. ಅದಕ್ಕಿಂತ ಜಾಸ್ತಿ ನಂಗೆ ಅನುಮಾನ ನಿಮ್ಮ ಫ್ಲಾಟಿನ ಟ್ಯಾಂಕರ್ ನೀರಿನ ಮೇಲೆ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಕಾಳಿನ ಸಿಪ್ಪೆನ ಮೆತ್ತಗಾಗೋಕೆ ಬಿಡಲ್ಲ, ನಮ್ಮ ಬೋರ್ ನೀರೂ ಅಂಥದ್ದೇ ಅಲ್ವಾ, ಬಕೆಟ್ಟಿಗೆಲ್ಲ ಬಿಳೀ ಕರೆ ಕಟ್ಟುತ್ತೆ. ಕುಡಿಯೋ ಫಿಲ್ಟರ್ ನೀರಲ್ಲೇ ನೆನೆಸು, ಅದರಲ್ಲೇ ಬೇಯಿಸು. ಇನ್ನೊಂದು, ನೀನು ಟೊಮೇಟೊನೂ ಕುಕ್ಕರ್‌ಗೇ ಹಾಕಿದ್ದೆ ಅಂತ ಕಾಣುತ್ತೆ. ಹುಳಿ ಬಿದ್ರೆ ಕಾಳು ಬೇಯಲ್ಲ. ಟೊಮೇಟೊ ಆಗ್ಲಿ ಹುಣಸೆಹಣ್ಣಾಗ್ಲಿ ಕಾಳು ಬೆಂದ ಮೇಲೇನೇ.

ಕಲ್ಲು ಹುಷಾರು. ಕೆಮ್ಮಣ್ಣಿನ ಸಣ್ಣ ಕಲ್ಲು ಹುರುಳಿ ಬಣ್ಣಾನೇ ಇರುತ್ತೆ, ತಟ್ಟೆಲಿ ಹರಡಿದ್ರೂ ಕಣ್ಣಿಗೆ ಸಿಗಲ್ಲ, ಅದಕ್ಕೆ ಅಗಲವಾದ ಪಾತ್ರೆಲಿ ನೀರು ಹಾಕಿ ಜಾಲಿಸು, ಸುತ್ತ ಆಡಿಸ್ತಾ ಸ್ವಲ್ಪ ಸ್ವಲ್ಪನೇ ಕಾಳು ಬೇರೆ ಪಾತ್ರೆಗೆ ಬಗ್ಗಿಸ್ತಾ ಹೋಗು, ಕೊನೇಲಿ ತಳದಲ್ಲಿ ಟಿಕ್ ಟಿಕ್ ಅಂತ ಉಳಿಯುತ್ತಲ್ಲ ಅದೇ ಕಲ್ಲು. ಒಂದು ಲೋಟ ಕಾಳು ಸಾಕು, ರಾತ್ರಿ ಮಲಗೋಕೆ ಮುಂಚೆ ನೆನೆ ಹಾಕು. ಬೆಳಿಗ್ಗೆ ನೆನೆಸಿದ ನೀರು ಚೆಲ್ಲು, ಅದನ್ನ ಚೆಲ್ಲಬಹುದು, ಬೇಯಿಸಿದ್ದನ್ನಲ್ಲ! ಹೊಸಾ ನೀರು ಐದು ಲೋಟ, ಚೂರು ಉಪ್ಪು, ಆರೇಳು ವಿಷಲ್, ಆಮೇಲೆ ಸಣ್ಣ ಉರೀಲಿ ಹತ್ತು ನಿಮಿಷ. ಕುಕ್ಕರ್ ತಾನಾಗೇ ಆರಲಿ. ಬಸಿದ್ರೆ ಕಟ್ಟು ಡಿಕಾಕ್ಷನ್ ಬಣ್ಣಕ್ಕೆ ಬಂದಿರಬೇಕು.

ಮಸಾಲೆಗೆ ಒಂದು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ ಸುಡಬೇಕು, ನಿಂದು ಇಂಡಕ್ಷನ್ ಅಲ್ವಾ, ಕಾವಲಿ ಮೇಲೆ ಎಣ್ಣೆ ಹಾಕಿ ಅಂಚು ಕಪ್ಪಾಗೋವರೆಗೂ ಬಿಡು, ಹೆದರಬೇಡ. ಐದಾರು ಬ್ಯಾಡಗಿ, ಖಾರಕ್ಕೆ ಎರಡು ಗುಂಟೂರು, ಎರಡು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಣಸು ಹುರ್ಕೊ. ಇದಕ್ಕೆ ಕಾಯಿತುರಿ, ಸ್ವಲ್ಪ ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು, ಜೊತೆಗೆ ಬೆಂದ ಕಾಳು ಎರಡು ಹಿಡಿ ಹಾಕಿ ನುಣ್ಣಗೆ ರುಬ್ಬು. ಆ ಎರಡು ಹಿಡಿ ಹಾಕ್ದೇ ಹೋದ್ರೆ ಸಾರು ನೀರು ಬೇರೆ ಮಸಾಲೆ ಬೇರೆ ಆಗಿ ನಿಂತ್ಕೊಳುತ್ತೆ. ಕಟ್ಟಿಗೆ ಹಾಕಿ ಕುದಿಸು, ಹಸಿ ವಾಸನೆ ಹೋಗ್ಲಿ, ಉಪ್ಪು ನೋಡ್ಕೊ, ಸಾಸಿವೆ ಕರಿಬೇವು ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಉಳಿದ ಕಾಳಿಗೆ ಈರುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ ಮಾಡಿ ಮೇಲೆ ಕಾಯಿತುರಿ, ಪಲ್ಯ ಆಯ್ತು. ಹುರುಳಿಗೆ ಸೊಪ್ಪು ಬೇಡ, ಹೆಸರುಕಾಳು ಅಲಸಂದೆ ಆದ್ರೆ ದಂಟಿನ ಸೊಪ್ಪು ಹಾಕ್ಬಹುದು.

ಜಾಸ್ತಿನೇ ಮಾಡಿಟ್ಕೊ, ಮಾರನೇ ದಿನ ಕುದಿಸಿದ್ರೆ ಇನ್ನೂ ರುಚಿ. ಹುರುಳಿ ಉಷ್ಣ ಅಂತಾಳೆ ನಿಮ್ಮಮ್ಮ, ಮಜ್ಜಿಗೆ ಕುಡೀಬೇಕಂತೆ. ಮುದ್ದೆ ತೊಳಸೋಕೆ ಸೋಮಾರಿತನ ಬಂದ್ರೆ ಅನ್ನಕ್ಕೇ ಕಲಸ್ಕೊ, ಯಾರೂ ಬಯ್ಯಲ್ಲ.

ಈ ಸಲದ ಹೊಸಾ ಹುರುಳಿ ಎರಡು ಕೆಜಿ ತೆಗೆದಿಟ್ಟಿದೀನಿ, ಪಾರ್ಸಲ್ ಹಾಕ್ತೀನಿ. ರಾಗಿ ಹಿಟ್ಟು ಮುಗೀತಾ ಅಂತ ಬೇಗ ಹೇಳು, ಅದನ್ನೂ ಮಿಲ್ಲಿಗೆ ಹಾಕಿಸ್ಬೇಕು.

ಅಪ್ಪ