ಶಾಲೆಗೆ ಮಕ್ಕಳನ್ನು ಕಳಿಸದ ಮನೆಗಳಿಗೂ ನಮಸ್ಕಾರ

ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಅಮೃತ ಮಹೋತ್ಸವ ಚೆನ್ನಾಗಿ ನಡೆಯಿತು. ವಂದನಾರ್ಪಣೆಯ ಸರದಿ ನನಗೆ ಬರುವಷ್ಟರಲ್ಲಿ ಯಕ್ಷಗಾನದ ಚೌಕಿಯಲ್ಲಿ ವೇಷ ಸಿದ್ಧವಾಗಿತ್ತು, ಚಂಡೆಯವರು ಕಾಯುತ್ತಿದ್ದರು. ಅತಿಥಿಗಳ ಹೆಸರು, ದಾನಿಗಳ ಹೆಸರು ಓದಿ ಇಳಿದೆ. ಆದರೆ ಈ ಶಾಲೆ ಎಪ್ಪತ್ತೈದು ಮುಟ್ಟುವಂತೆ ನೋಡಿಕೊಂಡವರಲ್ಲಿ ಹೆಚ್ಚಿನವರ ಹೆಸರು ಆ ಎರಡೂ ಪಟ್ಟಿಗಳಲ್ಲಿ ಇರಲಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ ಎಂಬ ಹೊಣೆಯಿಂದಲೂ, ಇದೇ ಶಾಲೆಯ ನಾಲ್ಕನೇ ತರಗತಿಯ ಹುಡುಗಿಯ ತಾಯಿಯಾಗಿಯೂ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಮ್ಮ ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಇಲ್ಲಿ ಯಾರ ಹೆಸರೂ ಇಲ್ಲ. ಓದಿದವರಿಗೆ ತಮ್ಮ ಮಾತೇ ಎಂದು ತಿಳಿಯುತ್ತದೆ, ಊರಿಗಂತೂ ಎಲ್ಲವೂ ಗೊತ್ತು.

ಹೊರಗಿನವರಿಗಾಗಿ ಎರಡು ಮಾತು. ನಮ್ಮದು ಯಲ್ಲಾಪುರ ತಾಲ್ಲೂಕಿನ ಘಟ್ಟದಂಚಿನ ಊರು. ಕಂದಾಯದ ಕಾಗದಕ್ಕೆ ನಮಗೆ ಜಿಲ್ಲೆ ಕಾರವಾರ, ಶಾಲೆಯ ಕಾಗದಕ್ಕೆ ಶಿರಸಿ. ಉತ್ತರ ಕನ್ನಡದಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು: ಕರಾವಳಿಯ ತಾಲ್ಲೂಕುಗಳದ್ದು ಒಂದು, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯದ್ದು ಇನ್ನೊಂದು. ಈ ಸೀಮೆಯಲ್ಲಿ ಶಾಲೆಯೆಂದರೆ ಸಾಮಾನ್ಯವಾಗಿ ಕಾಡಿನ ನಡುವೆ ಹಂಚಿನ ಎರಡು ಕೋಣೆ, ಎದುರಿಗೆ ಒಂದು ಧ್ವಜಸ್ತಂಭ. ಮನೆಯಿಂದ ಮನೆಗೆ ನಡುವೆ ಒಂದು ಗುಡ್ಡ, ಒಂದು ಹಳ್ಳ. ಹವ್ಯಕರ ತೋಟದ ಮನೆಗಳು, ಸಿದ್ದಿಯರ ಕೇರಿ, ಮರಾಠಿ ಒಕ್ಕಲುಗಳು, ದನ ಸಾಕುವ ಗೌಳಿಗರ ಗೌಳಿವಾಡಾ ಎಲ್ಲ ಸೇರಿ ಒಂದು ಊರು. ಈ ಎಲ್ಲ ಮನೆಗಳವರೂ ದಿನಾ ಒಂದೆಡೆ ಕೂಡುವ ಜಾಗ ಬೇರೆ ಯಾವುದೂ ಇಲ್ಲ, ಮಕ್ಕಳ ಮೂಲಕ ಶಾಲೆಯಲ್ಲೇ ಕೂಡಬೇಕು.

1950ರಲ್ಲಿ ಶಾಲೆ ಶುರುವಾದಾಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂದೆವು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಮೊದಲ ಪಾಠ ನಡೆದದ್ದು ಒಂದು ಮನೆಯ ಜಗುಲಿಯ ಮೇಲೆ. ಆಮೇಲೆ ಆ ಮನೆಯವರೇ ಗುಡ್ಡದ ಬದಿಯ ಜಾಗ ಬಿಟ್ಟುಕೊಟ್ಟರು, ಊರವರು ಚಿರೇಕಲ್ಲು ಹೊತ್ತು ಗೋಡೆ ಎಬ್ಬಿಸಿದರು. ಜಾಗ ಕೊಟ್ಟವರ ಮನೆಯಲ್ಲಿ ಈಗ ಇರುವವರು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಮೊಮ್ಮಕ್ಕಳಿಗೆ ಅಲ್ಲಿಯೇ ಶಾಲೆ. ನಮ್ಮೂರಲ್ಲಿ ಇಂಥ ಮನೆಗಳೇ ಈಗ ಅರ್ಧಕ್ಕಿಂತ ಹೆಚ್ಚು. ನಾನು ಮುಂಡಗೋಡದ ಬಯಲಿನಿಂದ ಈ ಊರಿಗೆ ಸೊಸೆಯಾಗಿ ಬಂದಾಗ ಇಷ್ಟೊಂದು ಮನೆಗಳಲ್ಲಿ ಮಕ್ಕಳ ದನಿಯೇ ಇಲ್ಲವಲ್ಲ ಎಂದು ಹೆದರಿದ್ದುಂಟು. ಆ ಮನೆಗಳೇ ನಮ್ಮ ಶಾಲೆಯನ್ನು ಹೊತ್ತು ನಿಲ್ಲುತ್ತವೆ ಎಂದು ಆಗ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ.

2021ರ ಜುಲೈ 22, 23ರ ಮಳೆಯನ್ನು ಈ ಭಾಗದವರು ಯಾರೂ ಮರೆಯಲಾರರು. ನಮ್ಮದೇ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆ ಹೋದವು. ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿಯಿತು. ಗಂಗಾವಳಿ ಉಕ್ಕಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಹೊಳೆಯಾಚೆಯವರು ಆಚೆಯೇ ಉಳಿದರು. ಕಳಚೆಯವರ ನಷ್ಟದ ಮುಂದೆ ನಮ್ಮದು ಹೇಳಿಕೊಳ್ಳುವಂಥದ್ದಲ್ಲ. ನಮ್ಮಲ್ಲಿ ಶಾಲೆಯ ಹಿಂದಿನ ಧರೆ, ಅಂದರೆ ಗುಡ್ಡದ ಮಣ್ಣಿನ ಏರು, ಜರಿದು ಹಿಂಗೋಡೆಯನ್ನು ಒಳಕ್ಕೆ ತಳ್ಳಿತು, ಒಂದು ಕೋಣೆಯ ಮಾಡು ಕೂತಿತು, ಕೆಸರು ಹೊಸ್ತಿಲವರೆಗೂ ಬಂತು.

ಆ ಹೊತ್ತಿಗೆ ಕೋಣೆಯಲ್ಲಿ ಮಕ್ಕಳಿರಲಿಲ್ಲ. ಕೊರೊನಾ ಕಾರಣಕ್ಕೆ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆ ಸಣ್ಣ ತರಗತಿಗಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆ ದೀರ್ಘ ರಜೆಯನ್ನು ನಾವೆಲ್ಲ ಎಷ್ಟು ಶಪಿಸಿದ್ದೆವೋ, ಧರೆ ಜರಿದ ದಿನ ಅಷ್ಟೇ ಕೈಮುಗಿದೆವು.

ಇಲ್ಲಿ ಮೊದಲ ನಮಸ್ಕಾರ ನಮ್ಮ ಬಿಸಿಯೂಟದ ಅಡುಗೆಯಮ್ಮನಿಗೆ. ಶಾಲೆಯ ಕೀಲಿಕೈ ಅವರ ಮನೆಯ ಗೂಟದಲ್ಲಿತ್ತು. ಧರೆಯಿಂದ ಸಣ್ಣಗೆ ಮಣ್ಣು ಉದುರುವುದನ್ನು ಕಂಡವರೇ ಅವರು ಯಾರನ್ನೂ ಕಾಯದೆ, ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು ಬೀಗ ತೆಗೆದು, ಕಂಬಳಿಕೊಪ್ಪೆಯೊಳಗೆ ದಾಖಲಾತಿ ರಿಜಿಸ್ಟರುಗಳನ್ನೂ ಸಣ್ಣ ತರಗತಿಯವರ ನಲಿಕಲಿಯ ಕಲಿಕೆಯ ಕಾರ್ಡುಗಳನ್ನೂ ಸುತ್ತಿ ಮನೆಗೆ ಸಾಗಿಸಿದರು. ಕಪಾಟಿನಲ್ಲಿ ಏನು ಮುಖ್ಯ, ಏನು ಅಮುಖ್ಯ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. 1950ರಿಂದ ಈಚೆಗೆ ಈ ಶಾಲೆಯ ಮೆಟ್ಟಿಲು ಹತ್ತಿದ ಪ್ರತಿಯೊಂದು ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಕಸುಬು ಆ ಪುಸ್ತಕಗಳಲ್ಲಿದೆ. ಜಮೀನಿನ, ಜಾತಿಯ, ಪಿಂಚಣಿಯ ಕೆಲಸಕ್ಕೆ ಈಗಲೂ ಜನ ಹುಡುಕಿಕೊಂಡು ಬರುವುದು ಅವುಗಳನ್ನೇ. ಅಮೃತ ಮಹೋತ್ಸವಕ್ಕೆ ಹಳೆಯ ವಿದ್ಯಾರ್ಥಿಗಳನ್ನು ಹುಡುಕಲು ನಾವು ಕೂತದ್ದೂ ಅವನ್ನೇ ಹರಡಿಕೊಂಡು. ವರ್ಷವಿಡೀ ಅಲ್ಪ ಗೌರವಧನಕ್ಕೆ ದುಡಿಯುವ ಹೆಂಗಸು ಅವರು. ಸನ್ಮಾನದ ಶಾಲು ಹೊದಿಸಲು ಕರೆದರೆ ಪಾಯಸ ತಳಹಿಡಿಯುತ್ತದೆಂದು ಅಡುಗೆಮನೆ ಬಿಟ್ಟು ಬರಲೇ ಇಲ್ಲ. ಮರುದಿನ ಅವರ ಮನೆಗೇ ಹೋಗಿ ಹೊದಿಸಿ ಬಂದೆವು.

ಅಕ್ಟೋಬರಿನಲ್ಲಿ ಮಕ್ಕಳು ಬಂದಾಗ ಕೂರಿಸಲು ಜಾಗವಿರಲಿಲ್ಲ. ಇದ್ದ ಒಂದು ಕೋಣೆಯ ಗೋಡೆಯೂ ಬಿರುಕು ಬಿಟ್ಟಿತ್ತು, ಅಲ್ಲಿ ಪಾಠ ಮಾಡಬಾರದೆಂದು ಇಲಾಖೆಯವರು ಹೇಳಿದ್ದು ಸರಿಯೇ ಆಗಿತ್ತು. ಆಗ ಜಾಗ ಕೊಟ್ಟವರ ಮನೆಯ ಅಜ್ಜ, ‘ನಮ್ಮನೆ ಜಗುಲಿ ಖಾಲಿ ಬಿದ್ಕಂಡದೆ, ಕರ್ಕಂಡು ಬನ್ನಿ’ ಅಂದರು. ಹೊಸ ಕೋಣೆ ಎದ್ದು ನಿಲ್ಲುವವರೆಗೂ ಶಾಲೆ ಆ ಜಗುಲಿಯ ಮೇಲೆ ನಡೆಯಿತು. ಅಜ್ಜಿ ತಮ್ಮ ಊಟದ ಹೊತ್ತನ್ನೂ ಮಧ್ಯಾಹ್ನದ ನಿದ್ದೆಯನ್ನೂ ಮಕ್ಕಳ ಗಂಟೆಗೆ ಹೊಂದಿಸಿಕೊಂಡರು. ಅಡಕೆ ಕೊಯ್ಲಿನ ಕಾಲದಲ್ಲೂ ಜಗುಲಿಯಲ್ಲಿ ಅಡಕೆ ಸುಲಿಯಲು ಕೂರಲಿಲ್ಲ, ಕೊಟ್ಟಿಗೆಯ ಬದಿಗೆ ಚಪ್ಪರ ಎಳೆದುಕೊಂಡರು.

ಒಂದು ವಿಷಯವನ್ನು ಬಿಚ್ಚಿ ಹೇಳಬೇಕು, ಅದನ್ನು ಹೇಳಲು ಅಜ್ಜನೇ ಒಪ್ಪಿಗೆ ಕೊಟ್ಟಿದ್ದಾರೆ. ಆ ಜಗುಲಿಯನ್ನು ಹತ್ತಲು ಒಂದು ಕಾಲದಲ್ಲಿ ಊರಿನ ಎಲ್ಲರಿಗೂ ಬರುತ್ತಿರಲಿಲ್ಲ. ಕೆಲವರು ಅಂಗಳದಲ್ಲೇ ನಿಂತು ಮಾತಾಡಿ ಹೋಗಬೇಕಿತ್ತು. 1950ರ ಮೊದಲ ತರಗತಿಯಲ್ಲೂ ಕೆಲವು ಮಕ್ಕಳು ಕೂತದ್ದು ಅಂಗಳದಲ್ಲಿ ಎಂದು ಹಿರಿಯರು ನೆನೆಯುತ್ತಾರೆ. ಈ ಸಲ ಸಿದ್ದಿ ಕೇರಿಯ, ಗೌಳಿವಾಡಾದ, ತೋಟದ ಮನೆಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಮಗ್ಗಿ ಹೇಳಿದರು, ಅಲ್ಲಿಯೇ ಉಂಡರು. ಅಜ್ಜ ವೇದಿಕೆಯ ಮೇಲೆ ಮೈಕು ಹಿಡಿದು, ‘ನಮ್ಮಪ್ಪ ಜಾಗ ಕೊಟ್ಟ, ನಾನು ಜಗುಲಿ ಕೊಟ್ಟೆ, ಎರಡರಲ್ಲಿ ನನ್ನದೇ ಕಷ್ಟದ್ದು, ನನ್ನದೇ ಸಂತೋಷದ್ದು’ ಎಂದಾಗ ಚಪ್ಪರದಡಿ ಸುಮಾರು ಜನ ಕಣ್ಣೊರೆಸಿಕೊಂಡರು. ಅಜ್ಜಾ, ನಿಮಗೆ ಇಡೀ ಊರಿನ ಸಾಷ್ಟಾಂಗ.

ಮಳೆಗಾಲ ಕಳೆದ ಮೇಲೆ ಶ್ರಮದಾನಕ್ಕೆ ಬಂದವರನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯ. ಪೋಷಕರು ಬರುವುದು ಸರಿ, ಅದು ನಮ್ಮ ಕರ್ತವ್ಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅಂದರೆ ಶಾಲೆಯ ಚಿಂತೆ ಮಾಡಲು ಕಾನೂನು ಗುರುತಿಸಿರುವುದು ಮೊದಲಿಗೆ ನಮ್ಮನ್ನೇ. ಆದರೆ ಗುದ್ದಲಿ ಹಿಡಿದು ಬಂದವರಲ್ಲಿ ಪೋಷಕರಿಗಿಂತ ಉಳಿದವರೇ ಹೆಚ್ಚಿದ್ದರು. ಮದುವೆಯಾಗದೆ ತೋಟ ನೋಡಿಕೊಂಡಿರುವ ಗಂಡುಮಕ್ಕಳು ಬಂದರು. ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವ ಮನೆಯವರು ಬಂದರು. ಹಳದಿ ವ್ಯಾನಿಗೆ ಮಕ್ಕಳನ್ನು ಹತ್ತಿಸಿ, ಅದೇ ರಸ್ತೆಯಲ್ಲಿ ನಡೆದು ಬಂದು ನಮ್ಮ ಶಾಲೆಯ ಕೆಸರು ಎತ್ತಿದರು. ಅವರನ್ನು ಎಂದೂ ದೂರಬಾರದೆಂದು ನಾನು ಅಲ್ಲಿಯೇ ನಿಶ್ಚಯಿಸಿದೆ. ತಮ್ಮ ಮಕ್ಕಳಿಗೆ ಯಾವುದು ಒಳ್ಳೆಯದೆಂದು ಎಲ್ಲ ತಂದೆತಾಯಿಗಳೂ ತಲೆಕೆಡಿಸಿಕೊಳ್ಳುತ್ತಾರೆ. ಬೇರೆಯವರ ಮಕ್ಕಳಿಗಾಗಿ ಗುದ್ದಲಿ ಹಿಡಿಯುವವರು ಎಷ್ಟು ಮಂದಿ? ಆ ಮನೆಗಳಲ್ಲೊಂದು ಕಳೆದ ಜೂನಿನಲ್ಲಿ ತನ್ನ ಚಿಕ್ಕ ಮಗನನ್ನು ನಮ್ಮಲ್ಲಿ ಒಂದನೇ ತರಗತಿಗೆ ಸೇರಿಸಿತು. ಯಾರೂ ಒತ್ತಾಯ ಮಾಡಿರಲಿಲ್ಲ.

ಮಕ್ಕಳ ಸಂಖ್ಯೆಯ ಭಯ ನಮ್ಮನ್ನು ಬಿಟ್ಟಿಲ್ಲ, ಬಿಡುವಂತೆಯೂ ಇಲ್ಲ. ಸುತ್ತಲಿನ ಶಾಲೆಗಳ ಕ್ಲಸ್ಟರಿನ ಸಭೆಗೆ ಹೋದಾಗಲೆಲ್ಲ ಎಲ್ಲೋ ಒಂದು ಶಾಲೆಗೆ ದಾಖಲಾತಿ ಶೂನ್ಯ ಎಂಬ ಸುದ್ದಿ ಬರುತ್ತದೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬ ನಿಯಮವಿದೆ, ಆದರೆ ಒಂದು ಕಿಲೋಮೀಟರ್ ಎಂದರೆ ನಮ್ಮಲ್ಲಿ ಜೂನ್, ಜುಲೈ, ಆಗಸ್ಟಿನಲ್ಲಿ ಎರಡು ಹಳ್ಳ, ನಡೆದು ದಾಟುವ ಕಿರುಸೇತುವೆಯಾದ ಒಂದು ಕಾಲುಸಂಕ. ಪಕ್ಕದ ಊರಿನ ಶಾಲೆಗೆ ಬೀಗ ಬಿದ್ದಾಗ ಅಲ್ಲಿಯ ಮಕ್ಕಳು ನಮ್ಮಲ್ಲಿಗೆ ಬಂದರು. ಅವರಿಗಾಗಿ ಹಳ್ಳಕ್ಕೆ ಅಡಕೆ ಮರದ ಸಂಕ ಹಾಕಿ, ಮಳೆ ಜೋರಾದ ದಿನ ಸಂಕದ ಬದಿಯಲ್ಲಿ ನಿಂತು ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸುವ ಗೌಳಿವಾಡಾದ ಅಣ್ಣಂದಿರೇ, ನಿಮ್ಮ ಮನೆಯ ಮಕ್ಕಳು ಹೈಸ್ಕೂಲಿಗೆ ಹೋಗಿ ವರ್ಷಗಳಾದವು. ಆದರೂ ನೀವು ನಿಲ್ಲುವುದನ್ನು ಬಿಟ್ಟಿಲ್ಲ. ಅಲ್ಲಿಗೊಂದು ಗಟ್ಟಿ ಕಾಲುಸಂಕವಾಗುವವರೆಗೆ ಅರ್ಜಿ ಬರೆಯುತ್ತಲೇ ಇರುವುದು ನಮ್ಮ ಪಾಲಿನ ಕೆಲಸ.

ನಮ್ಮ ಅಕ್ಕೋರಿಗೆ, ಅಂದರೆ ಶಾಲೆಯ ಶಿಕ್ಷಕಿಗೆ, ಎಷ್ಟು ಹೇಳಿದರೂ ಕಡಿಮೆಯೇ. ಮೊಬೈಲ್ ಸಿಗ್ನಲ್ ಸಿಗದ ಊರಿನಲ್ಲಿ ಆನ್‌ಲೈನ್ ಪಾಠ ಎಂಬುದು ಬಾಯಿಮಾತು. ಆ ದಿನಗಳಲ್ಲಿ ಅವರು ಮನೆಮನೆಗೆ ನಡೆದು, ಅಂಗಳದಲ್ಲಿ ದೂರ ದೂರ ಕೂರಿಸಿ ಅಕ್ಷರ ತಿದ್ದಿಸಿದರು. ಮಕ್ಕಳು ಮರಳಿ ಬಂದಾಗ ಎರಡನೇ ತರಗತಿಯವರಿಗೆ ಶಾಲೆಯೇ ಹೊಸದು, ಮೂರನೆಯವರಿಗೆ ಕಾಗುಣಿತ ಮರೆತಿತ್ತು. ಅಕ್ಕೋರು ಯಾರನ್ನೂ ಹಿಂದುಳಿದವರೆಂದು ಕರೆಯಲಿಲ್ಲ, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಒಬ್ಬರೇ ಐದು ತರಗತಿ, ಅದರ ಮೇಲೆ ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಅಕ್ಕಿಯ ಲೆಕ್ಕ. ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ರಸ್ತೆಬದಿಯ ಶಾಲೆ ಆರಿಸಿಕೊಳ್ಳುವ ಅವಕಾಶವಿದ್ದರೂ ಅವರು ಇಲ್ಲಿಯೇ ಉಳಿದದ್ದು ನಮ್ಮ ಮಕ್ಕಳ ಪುಣ್ಯ. ಅವರೊಬ್ಬರ ಮೇಲೆಯೇ ಇಷ್ಟು ಭಾರ ಹಾಕುವುದು ಸರಿಯಲ್ಲ, ಎರಡನೇ ಶಿಕ್ಷಕರ ಹುದ್ದೆ ತುಂಬಲೇಬೇಕು ಎಂಬ ಮಾತನ್ನೂ ಇದೇ ಉಸಿರಿನಲ್ಲಿ ಹೇಳುತ್ತೇನೆ. ಬೈಕು ಬಾರದ ಕಡೆ ನಡೆದೇ ಬರುತ್ತಿದ್ದ ಸಿಆರ್‌ಪಿಯವರಿಗೆ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ), ಉದ್ಯೋಗ ಖಾತ್ರಿಯಲ್ಲಿ ಹಿಂದಿನ ಧರೆಗೆ ತಡೆಗೋಡೆ ಮಾಡಿಸಿದ ಗ್ರಾಮ ಪಂಚಾಯ್ತಿಗೆ, ಶಾಲೆಯ ಸಾಮಾನನ್ನು ಒಂದು ದಿನವೂ ಬೇಡವೆನ್ನದೆ ತಂದುಕೊಟ್ಟ ಬೆಳಗಿನ ಬಸ್ಸಿನ ಚಾಲಕರಿಗೆ, ನಿರ್ವಾಹಕರಿಗೆ ನಮಸ್ಕಾರ.

ಬೆಂಗಳೂರು, ಹುಬ್ಬಳ್ಳಿ, ಪುಣೆಯಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ನೀವು ಕಳಿಸಿದ ಹಣಕ್ಕಿಂತ ನೀವು ಕೇಳಿದ ಪ್ರಶ್ನೆ ನನಗೆ ಹೆಚ್ಚು ಇಷ್ಟವಾಯಿತು. ‘ನಿಮಗೆ ಏನು ಬೇಕು?’ ಎಂದು ಮೊದಲು ಕೇಳಿದಿರಿ. ನಾವು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಟಾಕಿ ಎಂದೆವು, ಮಳೆಗಾಲಕ್ಕೆ ಸೋರದ ಮಾಡು ಎಂದೆವು. ಸ್ಮಾರ್ಟ್ ಬೋರ್ಡು ಕೊಡಿಸುವ ಆಸೆ ನಿಮ್ಮಲ್ಲಿ ಕೆಲವರಿಗಿತ್ತು. ಮಳೆ ಬಂದರೆ ಕರೆಂಟೇ ಇರದ ಊರಿಗೆ ಅದು ಆಮೇಲೆ ಎಂದಾಗ ಬೇಸರಿಸಲಿಲ್ಲ. ದಾನಿಗಳ ಹೆಸರಿನ ಕಲ್ಲು ಬೇಡವೆಂದು ನೀವಾಗಿಯೇ ಹೇಳಿದಿರಿ, ಆ ಗೋಡೆಯ ಮೇಲೆ ಈಗ ಮಕ್ಕಳು ಬರೆದ ಹೂವು, ಹಕ್ಕಿ, ಆನೆಗಳಿವೆ.

ಉತ್ಸವದ ದಿನದ್ದನ್ನು ಬರೆಯುತ್ತ ಹೋದರೆ ಮುಗಿಯುವುದಿಲ್ಲ. ಹಿಂದಿನ ದಿನ ಹೊರೆಕಾಣಿಕೆ ಬಂದ ಪರಿಯನ್ನಷ್ಟೇ ಹೇಳುತ್ತೇನೆ. ಬಾಳೆಗೊನೆ, ತೆಂಗಿನಕಾಯಿ, ಅಕ್ಕಿ, ಜೋನಿಬೆಲ್ಲ, ಗೌಳಿವಾಡಾದಿಂದ ಹಾಲು ತುಪ್ಪ, ಸಿದ್ದಿ ಕೇರಿಯಿಂದ ಕಾಡಿನ ಜೇನು. ಕೊಟ್ಟವರಲ್ಲಿ ಕೊಳೆರೋಗ, ಎಲೆಚುಕ್ಕಿ ರೋಗದಿಂದ ತೋಟದ ಫಸಲು ಕಳೆದುಕೊಂಡವರಿದ್ದರು. ಕೂಲಿ ಬಿಟ್ಟು ಎರಡು ದಿನ ಚಪ್ಪರ ಹಾಕಿದವರಿದ್ದರು. ಮೆರವಣಿಗೆಯ ಮುಂದೆ ಸಿದ್ದಿಯರ ಡಮಾಮಿ ಬಡಿತ, ಹಿಂದೆ ಮಕ್ಕಳ ಲೇಜಿಮ್. ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಬದುಕಿರುವವರನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತು ತಂದರು. ಅವರಲ್ಲೊಬ್ಬ ಅಜ್ಜಿ ಎರಡನೇ ತರಗತಿಗೇ ಶಾಲೆ ಬಿಟ್ಟವರು. ರಿಜಿಸ್ಟರಿನಲ್ಲಿ ತಮ್ಮ ಹೆಸರನ್ನು ಬೆರಳಿಟ್ಟು ತಾವೇ ಓದಿದರು, ಅಪ್ಪನ ಹೆಸರನ್ನೂ ಓದಿದರು, ಮತ್ತೊಮ್ಮೆ ಓದಲು ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಪಂಕ್ತಿಯಲ್ಲಿ ಅಪ್ಪೆಹುಳಿ ಎರಡೆರಡು ಸಲ ಸುತ್ತು ಬಂತು. ಬಡಿಸಿದವರೆಲ್ಲ ಊರಿನ ಹುಡುಗರೇ.

ಜಮಾ ಖರ್ಚಿನ ಪಟ್ಟಿಯನ್ನು ಶಾಲೆಯ ಹಾಗೂ ಪಂಚಾಯ್ತಿಯ ಫಲಕದಲ್ಲಿ ಹಾಕಲಾಗಿದೆ, ಯಾರು ಬೇಕಾದರೂ ನೋಡಿ ಕೇಳಬಹುದು. ಉಳಿದ ಹಣವನ್ನು ಸಮಿತಿಯ ಖಾತೆಯಲ್ಲಿಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಹೊಸ ಕೋಣೆಯ ಮುಂದೆ ಇಳಿಮಾಡು ಕಟ್ಟಿಸುವುದೆಂದು ಸಭೆಯಲ್ಲಿ ತೀರ್ಮಾನವಾಗಿದೆ. ದಾಖಲಾತಿಗಾಗಿ ನಾನೂ ಅಕ್ಕೋರೂ ಮೇ ಕೊನೆಯಲ್ಲಿ ಮನೆಮನೆಗೆ ಬರುತ್ತೇವೆ, ಮಕ್ಕಳಿರುವ ಮನೆಗೂ ಇಲ್ಲದ ಮನೆಗೂ. ಉತ್ಸವಕ್ಕೆ ಕೊಟ್ಟ ಹಂಡೆ, ಕೊಪ್ಪರಿಗೆ, ಈಳಿಗೆಮಣೆಗಳಲ್ಲಿ ಕೆಲವು ಇನ್ನೂ ಬಿಸಿಯೂಟದ ಕೋಣೆಯಲ್ಲೇ ಇವೆ. ಹೆಸರು ಕೆತ್ತಿಲ್ಲದ್ದರಿಂದ ನಾವೇ ತಲುಪಿಸಲು ಆಗುತ್ತಿಲ್ಲ, ದಯವಿಟ್ಟು ನಿಮ್ಮದನ್ನು ಗುರುತಿಸಿ ತೆಗೆದುಕೊಂಡು ಹೋಗಿ. ಶನಿವಾರ ಮಧ್ಯಾಹ್ನದವರೆಗೆ ಅಡುಗೆಯಮ್ಮ ಅಲ್ಲಿಯೇ ಇರುತ್ತಾರೆ.