ಮಗಳಿಗೊಂದು ಪತ್ರ: ಮುಂಬೈಗೆ ಹೊರಡುವ ಮುಂಚೆ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ನೀನು ಜಾಹೀರಾತು ಏಜೆನ್ಸಿಯಲ್ಲಿ ಕ್ರಿಯೇಟಿವ್ ಡೈರೆಕ್ಟರ್ ಆದ ಸುದ್ದಿ ಹೇಳಿದಾಗ ನಾನು ಮೊದಲು ಕೇಳಿದ್ದು, "ಊಟ ಆಯ್ತಾ? ಈಗೀಗ ಎಷ್ಟೊತ್ತಿಗೆ ಮಲಗ್ತೀಯ?" ಅಂತ. ನಿನಗೆ ಸಿಟ್ಟು ಬಂತು. "ಒಂದು ಸಲನಾದ್ರೂ ಖುಷಿ ಪಡಮ್ಮ" ಅಂದು ಫೋನ್ ಇಟ್ಟುಬಿಟ್ಟೆ. ಖುಷಿಯಾಗಿದೆ ಕಣೇ. ಅಪ್ಪ ಬೆಳಿಗ್ಗೆಯೇ ಹೋಗಿ ಮೈಸೂರು ಪಾಕ್ ತಂದು ಬೀದಿಗೆಲ್ಲ ಹಂಚಿದರು. ನಿನ್ನ ಮನಸ್ಸಿಗೆ ಬೇಜಾರಾಗಿದ್ದರೆ ಕ್ಷಮಿಸು. ಆದರೆ ಅದೇ ಪ್ರಶ್ನೆ ಮತ್ತೆ ಕೇಳೋದಕ್ಕೇ ಈ ಕಾಗದ. ಫೋನಿನಲ್ಲಿ ನೀನು ಮಧ್ಯ ಬಾಯಿ ಹಾಕ್ತೀಯ, ಕಾಗದದಲ್ಲಿ ಆಗಲ್ಲ.

ನಿನ್ನ ಕೆಲಸ ನನಗೆ ಅರ್ಥ ಆಗಲ್ಲ ಅಂದುಕೊಳ್ಳಬೇಡ. ನೀನು ಬರೆದ ಅಡುಗೆ ಎಣ್ಣೆ ಜಾಹೀರಾತು ಟಿವಿಯಲ್ಲಿ ಬಂದಾಗ ನಾನು ಹೆರಿಗೆ ವಾರ್ಡಿನ ಡ್ಯೂಟಿಯಲ್ಲಿದ್ದೆ. ಹೊರಗೆ ಬೆಂಚಿನ ಮೇಲೆ ಮೊಮ್ಮಗುವಿಗಾಗಿ ಕಾಯುತ್ತಾ ಕೂತಿದ್ದ ಒಂದು ಅಜ್ಜಿ ಅದನ್ನು ನೋಡಿ, "ಅಯ್ಯೋ, ನಮ್ಮನೆ ಮುದುಕ ಮಾತಾಡ್ದಂಗೇ ಐತೆ" ಅಂತ ನಕ್ಕರು. ಇದನ್ನು ಬರೆದೋಳು ನನ್ನ ಮಗಳು ಅಂದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು, "ಆ ಮಗೀಗೆ ಒಳ್ಳೇದಾಗ್ಲಿ" ಅಂದರು. ಮೂವತ್ತು ಸೆಕೆಂಡಿನಲ್ಲಿ ಅಷ್ಟು ದೂರದ ಒಂದು ಜೀವವನ್ನು ನಗಿಸೋದು ಸಣ್ಣ ಕೆಲಸ ಅಲ್ಲ. ಅದು ನಿನಗೆ ಬರುತ್ತೆ. ಅದನ್ನು ಬಿಡು ಅಂತ ನಾನು ಯಾವತ್ತೂ ಹೇಳಲ್ಲ.

ಆ ಮೊಬೈಲ್ ಕಂಪನಿ ಪಿಚ್ ಸಮಯದಲ್ಲಿ, ಅಂದರೆ ಅವರ ಜಾಹೀರಾತು ಕೆಲಸ ಹಿಡಿಯೋಕೆ ಐಡಿಯಾ ತೋರಿಸೋ ಹೊತ್ತಲ್ಲಿ, ಏನಾಯ್ತು ಅಂತ ಮೊದಲಿಂದ ಬರೆಯೋದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಎಡಗೈ ಮಾತ್ರ ನನ್ನ ಕಣ್ಣಿಂದ ಹೋಗ್ತಾ ಇಲ್ಲ. ನಾನು ರಾತ್ರಿ ಬಸ್ಸಿಳಿದು ಸೀದಾ ಆಸ್ಪತ್ರೆಗೆ ಬಂದಾಗ ನಿನಗೆ ಡ್ರಿಪ್ ಹಾಕಿದ್ದರು. ಕೈ ಹಿಂಭಾಗದಲ್ಲಿ ಹಸಿರು ಕ್ಯಾನುಲಾ, ಅದರ ಮೇಲೆ ಸರಿಯಾಗಿ ಅಂಟದ ಟೇಪು. ನೀನು ಆ ಕೈಯನ್ನೂ ಕೀಬೋರ್ಡ್ ಮೇಲಿಟ್ಟುಕೊಂಡು ಟೈಪ್ ಮಾಡ್ತಾ ಇದ್ದೆ. ಡ್ರಿಪ್ ನಿಂತುಹೋಗಿತ್ತು. ರಕ್ತ ಟ್ಯೂಬಿನೊಳಗೆ ವಾಪಸ್ ಏರಿತ್ತು. ನೀನು ಅದನ್ನು ನೋಡಿರಲೇ ಇಲ್ಲ. ನಾನು ಕೈ ಸರಿ ಮಾಡೋಕೆ ಬಂದರೆ, "ಒಂದೇ ನಿಮಿಷ ಅಮ್ಮ, ಪಿಚ್ ಸ್ಲೈಡ್ಸ್ ಕಳಿಸಿಬಿಡ್ತೀನಿ" ಅಂದೆ. ಅಷ್ಟರಲ್ಲಿ ನಿನ್ನ ಬಾಸ್ ಮೆಸೇಜ್ ಬಂತು. "ಸೂಪರ್. ಇನ್ನೆರಡು ಆಪ್ಷನ್ ಸಿಗಬಹುದಾ?" ನೀನು ಆಸ್ಪತ್ರೆಯಲ್ಲಿದ್ದೀಯ ಅಂತ ಅವರಿಗೆ ಗೊತ್ತಿತ್ತು.

ನಾನು ನರ್ಸು ಪುಟ್ಟಿ. ಎಷ್ಟೋ ಕೈಗೆ ಸೂಜಿ ಹಾಕಿದ್ದೀನಿ. ಕೈ ಬಾತಿದ್ದು, ನರ ಸಿಗದೇ ಮೂರು ಕಡೆ ಚುಚ್ಚಿದ್ದು, ಎಲ್ಲಾ ನೋಡಿದ್ದೀನಿ. ಆದರೆ ಡ್ರಿಪ್ ಹಾಕಿದ ಕೈಯಿಂದ ಯಾರಿಗೋ ಕೆಲಸ ಮಾಡಿಕೊಡೋ ರೋಗಿಯನ್ನು ನೋಡಿರಲಿಲ್ಲ. ಆ ಪಿಚ್ ಬೇರೆ ಏಜೆನ್ಸಿಗೆ ಹೋಯ್ತು ಅಂತ ಆಮೇಲೆ ಹೇಳಿದೆ. ನಾಲ್ಕೈದು ಏಜೆನ್ಸಿ ಕರೆದು ಎಲ್ಲರ ಹತ್ತಿರವೂ ಐಡಿಯಾ ಕೇಳ್ತಾರೆ, ಕೆಲಸ ಒಬ್ಬರಿಗೆ ಕೊಡ್ತಾರೆ, ಉಳಿದವರಿಗೆ ಸಾಮಾನ್ಯವಾಗಿ ಒಂದು ಪೈಸೆಯೂ ಇಲ್ಲ ಅಂತ ನೀನೇ ವಿವರಿಸಿದ್ದು. ಹಾಗಾದ್ರೆ ಆ ಡ್ರಿಪ್ ಯಾರ ಲೆಕ್ಕಕ್ಕೆ ಹೋಯ್ತು?

ಅವತ್ತಿಂದ ನಾನು ಸುಮ್ನೆ ಕೂತಿಲ್ಲ. ಸಿಕ್ಕಿದ್ದೆಲ್ಲ ಓದಿದ್ದೀನಿ. ಟೋಕಿಯೋದ ಡೆಂಟ್ಸು ಜಾಹೀರಾತು ಕಂಪನಿಗೆ ಒಬ್ಬ ಹುಡುಗಿ 2015ರ ಏಪ್ರಿಲ್‌ನಲ್ಲಿ ಸೇರಿದಳು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಓದಿದವಳು, ತಾಯಿ ಒಬ್ಬರೇ ಬೆಳೆಸಿದ ಮಗಳು. ಅದೇ ವರ್ಷ ಡಿಸೆಂಬರ್ 25ರಂದು ಜೀವ ಕಳೆದುಕೊಂಡಳು. ವಯಸ್ಸು 24. ಅದಕ್ಕೂ ಮುಂಚೆ ಒಂದೇ ತಿಂಗಳಲ್ಲಿ 105 ಗಂಟೆ ಓವರ್‌ಟೈಮ್ ಮಾಡಿದ್ದಳು ಅಂತ ಸರ್ಕಾರದವರೇ ಲೆಕ್ಕ ಹಾಕಿದರು. ಕಂಪನಿಯ ಅಧ್ಯಕ್ಷರು ರಾಜೀನಾಮೆ ಕೊಟ್ಟರು. 2017ರಲ್ಲಿ ಕೋರ್ಟು ದಂಡ ಹಾಕಿತು, 5 ಲಕ್ಷ ಯೆನ್. ನಮ್ಮ ದುಡ್ಡಲ್ಲಿ ಸುಮಾರು ಮೂರು ಲಕ್ಷ. ಅದೇ ಕಂಪನಿಯಲ್ಲಿ 1991ರಲ್ಲಿ ಒಬ್ಬ ಹುಡುಗ ಹೀಗೇ ಹೋಗಿದ್ದ. ಅವನಿಗೂ 24. ಕಂಪನಿಯೇ ಹೊಣೆ ಅಂತ ಅಲ್ಲಿನ ಸುಪ್ರೀಂ ಕೋರ್ಟು 2000ರಲ್ಲಿ ಹೇಳಿತ್ತು. ಹೇಳಿ ಹದಿನೈದು ವರ್ಷ ಆದ ಮೇಲೂ ಈ ಹುಡುಗಿ ಹೋದಳು.

ಅವರ ನೌಕರರ ಕೈಪಿಡಿಯಲ್ಲಿ 1951ರಲ್ಲಿ ಬರೆದ ಒಂದು ನಿಯಮ ಇತ್ತಂತೆ. ಹಿಡಿದ ಕೆಲಸ ಬಿಡಬೇಡ, ಜೀವ ಹೋದರೂ ಬಿಡಬೇಡ ಅಂತ. ಆ ಹುಡುಗಿ ಹೋದ ಮೇಲೆ ಅದನ್ನು ತೆಗೆದರು. ರಾತ್ರಿ ಹತ್ತಕ್ಕೆ ಆಫೀಸಿನ ದೀಪ ಆರಿಸೋಕೆ ಶುರು ಮಾಡಿದರು.

ಅದು ಜಪಾನ್ ಕಥೆ ಅಂತೀಯ. ಜಕಾರ್ತಾದಲ್ಲಿ 2013ರ ಡಿಸೆಂಬರ್‌ನಲ್ಲಿ ನಿನ್ನ ಹಾಗೇ ಜಾಹೀರಾತು ಬರೆಯೋ ಕಾಪಿರೈಟರ್ ಆಗಿದ್ದ ಒಬ್ಬ ಹುಡುಗಿ, ಮೂವತ್ತು ಗಂಟೆ ಕೆಲಸ ಮಾಡಿಯೂ ಇನ್ನೂ ಗಟ್ಟಿಯಾಗಿದ್ದೀನಿ ಅಂತ ಟ್ವಿಟರ್‌ನಲ್ಲಿ ಬರೆದಳು. ಆಮೇಲೆ ಕುಸಿದು ಬಿದ್ದವಳು ಏಳಲಿಲ್ಲ. ಅವಳ ಆ ಸಾಲು ಓದಿದಾಗ ನಿನ್ನ ಸ್ಟೇಟಸ್ ನೆನಪಾಯ್ತು, "ಎರಡನೇ ರಾತ್ರಿ, ನಾಲ್ಕನೇ ಕಾಫಿ" ಅಂತ ಹಾಕಿದ್ದೆಯಲ್ಲ, ಅದು. ನಿನ್ನ ಗೆಳೆಯರೆಲ್ಲ ಅದಕ್ಕೆ ಚಪ್ಪಾಳೆ ತಟ್ಟಿದ್ದರು.

ರಾತ್ರಿ ಕೆಲಸ ಕೆಟ್ಟದ್ದು ಅಂತ ನಾನು ಹೇಳೋಕಾಗಲ್ಲ. ನಾನೂ ನೈಟ್ ಡ್ಯೂಟಿ ಮಾಡಿಯೇ ನಿನ್ನನ್ನು ಓದಿಸಿದ್ದು. ಆದರೆ ಬೆಳಿಗ್ಗೆ ಎಂಟಕ್ಕೆ ಇನ್ನೊಬ್ಬ ಸಿಸ್ಟರ್ ಬರುತ್ತಿದ್ದಳು. ಯಾವ ಬೆಡ್ಡಿಗೆ ಯಾವ ಇಂಜೆಕ್ಷನ್, ಯಾರ ಬಿಪಿ ಏರಿದೆ, ಎಲ್ಲಾ ರಿಪೋರ್ಟ್ ಬುಕ್ಕಿನಲ್ಲಿ ಬರೆದು, ಬಾಯಲ್ಲೂ ಹೇಳಿ, ಚಾರ್ಜ್ ಕೊಟ್ಟು ಹೊರಗೆ ಬರುತ್ತಿದ್ದೆ. ಆಸ್ಪತ್ರೆ ಅಲ್ಲೇ ಇರುತ್ತಿತ್ತು, ನಾನು ಮನೆಯಲ್ಲಿರುತ್ತಿದ್ದೆ. ನೈಟ್ ಮುಗಿದ ಮೇಲೆ ಆಫ್ ಕೊಡುತ್ತಿದ್ದರು. ನಿನ್ನ ಕೆಲಸದಲ್ಲಿ ಚಾರ್ಜ್ ತಗೊಳ್ಳೋಕೆ ಯಾರೂ ಬರಲ್ಲ. ಗಣೇಶನ ಹಬ್ಬದಿಂದ ದೀಪಾವಳಿವರೆಗೆ ಹಬ್ಬದ ಆಫರ್ ಜಾಹೀರಾತು, ಆಮೇಲೆ ಹೊಸ ವರ್ಷ, ಅದು ಮುಗಿಯೋದರೊಳಗೆ ಐಪಿಎಲ್. ಊರಿಗೆಲ್ಲ ಹಬ್ಬ ಇರೋವಾಗಲೇ ನಿನಗೆ ಕೆಲಸ ಜಾಸ್ತಿ. ಅದಕ್ಕೇ ನೀನೇ ಗೆರೆ ಹಾಕಿಕೊಳ್ಳಬೇಕು. ಸಂಜೆ ಬರೋ ಹೊಸ ಕೆಲಸದ ಬ್ರೀಫಿಗೆ ನಾಳೆ ಮಧ್ಯಾಹ್ನ ಅಂತ ಹೇಳೋದು ಕಲಿ. ವಾರದಲ್ಲಿ ಒಂದು ದಿನ ಫೋನ್ ಆಫ್ ಮಾಡು. ಊಟದ ಹೊತ್ತಿಗೆ ಮೀಟಿಂಗ್ ಇಟ್ಟರೆ ಒಪ್ಪಬೇಡ. ಭಾಷಣ ಆಯ್ತು ಅಂತ ಗೊತ್ತು, ಆದರೂ ಓದು.

ಏಜೆನ್ಸಿ ನನ್ನ ಮನೆ ಇದ್ದ ಹಾಗೆ ಅಂತ ನೀನು ಹೇಳ್ತಿರ್ತೀಯ. ಜೆ. ವಾಲ್ಟರ್ ಥಾಂಪ್ಸನ್ ಅನ್ನೋ ಜಾಹೀರಾತು ಏಜೆನ್ಸಿಯ ಹೆಸರು 1864ರಷ್ಟು ಹಳೇದು ಅಂತ ನೀನೇ ಹೇಳಿದ್ದೆ. 2018ರಲ್ಲಿ ಅದನ್ನು ವಂಡರ್‌ಮನ್ ಅನ್ನೋ ಇನ್ನೊಂದು ಏಜೆನ್ಸಿ ಜೊತೆ ಸೇರಿಸಿದರು, 2024ಕ್ಕೆ ವಿಎಂಎಲ್ ಅಂತ ಹೆಸರಾಯ್ತು. ಹಳೇ ಹೆಸರು ಬೋರ್ಡಿನಿಂದಲೇ ಹೋಯ್ತು. ಅಷ್ಟು ದೊಡ್ಡದೇ ಉಳಿಯಲಿಲ್ಲ ಅಂದಮೇಲೆ ಅದಕ್ಕೋಸ್ಕರ ಮೈ ಹಾಳು ಮಾಡಿಕೊಂಡವರನ್ನು ಯಾರು ನೆನಪಿಟ್ಟುಕೊಳ್ತಾರೆ, ಹೇಳು.

ಮದುವೆ ವಿಷಯಕ್ಕೆ ಬರೆಯುತ್ತಿದ್ದೀನಿ ಅಂತ ಅನುಮಾನ ಬೇಡ. ಅತ್ತೆ, ಚಿಕ್ಕಮ್ಮ ಕೇಳಿದರೆ ಉತ್ತರ ಕೊಡೋದು ನನ್ನ ಕೆಲಸ, ಅದನ್ನು ನನಗೆ ಬಿಡು. ನೀನೂ ಅವನೂ ಒಂದು ವರ್ಷ ತಡ ಮಾಡೋಣ ಅಂತಿದ್ದೀರಿ, ಮಾಡಿ. ಆದರೆ ಮುಂದೆ ಮಗು ಬೇಕು ಅನ್ನಿಸಿದರೆ ಕೆಲಸಕ್ಕೆ ಹೆದರಿ ಮುಂದೂಡಬೇಡ. 26 ವಾರದ ಹೆರಿಗೆ ರಜೆ 2017ರಿಂದ ಕಾನೂನಿನಲ್ಲೇ ಇದೆ. 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಮಕ್ಕಳನ್ನು ನೋಡಿಕೊಳ್ಳೋ ವ್ಯವಸ್ಥೆಯೂ ಇರಬೇಕು. ಕೇಳೋಕೆ ಸಂಕೋಚ ಬೇಡ.

ಇನ್ನೊಂದು ಮಾತು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಾಳೆಯಿಂದ ನಿನ್ನ ಕೈಕೆಳಗೆ ಒಂದು ಟೀಮೇ ಇರುತ್ತೆ. ಅದರಲ್ಲಿ ಈಗಷ್ಟೇ ಕಾಲೇಜು ಮುಗಿಸಿದ ಹುಡುಗಿಯೂ ಇರ್ತಾಳೆ, ಎಲ್ಲಿಂದಲೋ ಬಂದು ಪಿಜಿಯಲ್ಲಿ ಇರೋಳು. ನಿನ್ನ ಹಾಗೇ ಅವಳೂ ಇಲ್ಲ ಅನ್ನಲ್ಲ. ಮಧ್ಯರಾತ್ರಿ ಅವಳು ಕೆಲಸ ಕಳಿಸಿದರೆ ನೀನು ಏನಂತ ಉತ್ತರ ಕೊಡ್ತೀಯ? ನಿನಗೆ ಬಂದ ಆ "ಸೂಪರ್" ನಿನ್ನ ಬೆರಳಿಂದ ಯಾರಿಗೂ ಹೋಗಬಾರದು. ಮನೆಗೆ ಹೋಗು ಅಂತ ಬರಿ. ಹೋದಳಾ ಅಂತ ಕೇಳು. ಕ್ಲೈಂಟ್ ಮುಂದೆ ಟೈಮ್ ಕೇಳೋದು ನಿನ್ನ ಜವಾಬ್ದಾರಿ, ಅವಳದ್ದಲ್ಲ. ಅವಳಿಗೂ ಎಲ್ಲೋ ಒಬ್ಬ ಅಮ್ಮ ಇದ್ದಾಳೆ.

ಭಾನುವಾರ ನಿನ್ನನ್ನು ಬಿಡೋಕೆ ಅಪ್ಪ ಒಬ್ಬರೇ ಬರ್ತಾರೆ, ನನಗೆ ಅವತ್ತು ಡ್ಯೂಟಿ. ಅವರ ಕೈಯಲ್ಲಿ ಚಟ್ನಿಪುಡಿ, ಹುರಿಹಿಟ್ಟು, ಐರನ್ ಮಾತ್ರೆ ಕಳಿಸಿದ್ದೀನಿ. ಮಾತ್ರೆ ಕಾಫಿ ಜೊತೆ ತಗೋಬೇಡ. ಅವತ್ತು ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು, ಆಮೇಲೆ ನೀನು ಟೆಸ್ಟ್ ಮಾಡಿಸಿಲ್ಲ. ಮುಂಬೈಗೆ ಹೋದ ವಾರವೇ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡು. ಮೆಸೇಜಲ್ಲಿ "ನಾರ್ಮಲ್" ಅಂತ ಬರೆದರೆ ಸಾಲದು, ರಿಪೋರ್ಟಿನ ಫೋಟೋ ಬೇಕು.

ಇಂತಿ,
ಅಮ್ಮ